ಟವೆಲ್ಲಿನ ಮರೆಯಲ್ಲಿರುವ ಕೈ ಯಾರದು?

ಮಕ್ಕಳೇ, ಮಾಗಡಿ ರಂಗನಾಥಸ್ವಾಮಿ ಜಾತ್ರೆಯಲ್ಲಿ ದನಗಳ ವ್ಯಾಪಾರವನ್ನು ನೋಡಿದ್ದೀರಾ? ಮಾರುವವರೂ ಕೊಳ್ಳುವವರೂ ಎದುರುಬದುರು ನಿಲ್ಲುತ್ತಾರೆ. ಇಬ್ಬರ ಕೈಗಳ ಮೇಲೆ ಒಂದು ಟವೆಲ್ ಹೊದಿಸಿರುತ್ತದೆ. ಬಾಯಲ್ಲಿ ಬೆಲೆಯ ಮಾತೇ ಇಲ್ಲ. ಟವೆಲ್ಲಿನ ಕೆಳಗೆ ಒಬ್ಬರು ಇನ್ನೊಬ್ಬರ ಬೆರಳುಗಳನ್ನು ಹಿಡಿದು ಬೆಲೆ ತಿಳಿಸುತ್ತಾರೆ. ಒಂದು ಬೆರಳೆಂದರೆ ಸಾವಿರವೋ ಹತ್ತು ಸಾವಿರವೋ ಎಂಬುದು ಅವರಿಗೆ ಮೊದಲೇ ಗೊತ್ತು. ಸುತ್ತ ನೂರು ಜನ ನಿಂತಿದ್ದರೂ ಬೆಲೆ ತಿಳಿದಿರುವುದು ಆ ಇಬ್ಬರಿಗೆ ಮಾತ್ರ.

ಅಂತರಜಾಲದಲ್ಲಿಯೂ ಇಂಥದೇ ಒಂದು ಟವೆಲ್ ಇದೆ. ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಮಾರಿದ ರೈತರೊಬ್ಬರು ಸಂಜೆ ಮನೆಗೆ ಬಂದು, ಹಣ ಖಾತೆಗೆ ಬಂದಿದೆಯೇ ಎಂದು ಮೊಬೈಲಿನಲ್ಲಿ ನೋಡುತ್ತಾರೆ ಎಂದುಕೊಳ್ಳಿ. ಅವರು ಒತ್ತಿದ ಗುಪ್ತಪದ ಮೊದಲು ಗೋಡೆಯ ಮೇಲಿನ ವೈ-ಫೈ ಪೆಟ್ಟಿಗೆಗೆ ಹೋಗುತ್ತದೆ. ಅಲ್ಲಿಂದ ಕಂಬದ ಮೇಲಿನ ತಂತಿಗೆ, ಕೇಬಲ್‌ನವರ ಕಚೇರಿಗೆ, ಆಮೇಲೆ ಎಲ್ಲೆಲ್ಲೋ ಇರುವ ಹತ್ತಾರು ಯಂತ್ರಗಳನ್ನು ದಾಟಿ ಬ್ಯಾಂಕಿನ ಕಂಪ್ಯೂಟರನ್ನು ಸೇರುತ್ತದೆ. ದಾರಿಯಲ್ಲಿ ಯಾರೂ ಓದಬಾರದೆಂದು ಮೊಬೈಲು ಆ ಅಕ್ಷರಗಳನ್ನು ಅರ್ಥವಾಗದ ಅಂಕಿಗಳನ್ನಾಗಿ ಬದಲಿಸಿ ಕಳುಹಿಸುತ್ತದೆ. ಇದಕ್ಕೆ ಗೂಢಲಿಪೀಕರಣ ಎಂದು ಹೆಸರು. ಇದೇ ನಮ್ಮ ಟವೆಲ್.

ಆದರೆ ಜಾತ್ರೆಗೂ ಅಂತರಜಾಲಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಜಾತ್ರೆಯಲ್ಲಿ ಎದುರು ನಿಂತವರ ಮುಖ ಕಾಣುತ್ತದೆ. ಅಂತರಜಾಲದಲ್ಲಿ ಮುಖ ಕಾಣುವುದಿಲ್ಲ. ನಿಮ್ಮ ಕಣ್ಣಿಗೆ ಬಟ್ಟೆ ಕಟ್ಟಿ ಟವೆಲ್ಲಿನ ಕೆಳಗೆ ಕೈ ಇಡಿಸಿದರೆ ಹೇಗಿರುತ್ತದೆ, ಹಾಗೆ. ಮೋಸಗಾರನೊಬ್ಬ ನಡುವೆ ನುಗ್ಗಿ, ಎಡಗೈಯನ್ನು ನಿಮಗೆ ಕೊಟ್ಟು "ನಾನೇ ಬ್ಯಾಂಕು" ಎನ್ನಬಹುದು. ಬಲಗೈಯನ್ನು ಬ್ಯಾಂಕಿಗೆ ಕೊಟ್ಟು "ನಾನೇ ಆ ರೈತ" ಎನ್ನಬಹುದು. ಈಗ ಎರಡು ಟವೆಲ್ಲುಗಳಿವೆ, ಎರಡೂ ಭದ್ರವಾಗಿಯೇ ಇವೆ. ಸುತ್ತ ನಿಂತ ಜನರಿಗೆ ಏನೂ ಕಾಣುವುದಿಲ್ಲ. ಆದರೂ ಹಣ ಹೋಗುತ್ತದೆ!

ಹಾಗಾದರೆ ಗುಟ್ಟು ಕಾಪಾಡಿದರೆ ಸಾಲದು, ಯಾರೊಡನೆ ಗುಟ್ಟು ಹಂಚಿಕೊಳ್ಳುತ್ತಿದ್ದೇವೆ ಎಂಬುದೂ ತಿಳಿಯಬೇಕು. ಅದನ್ನು ತಿಳಿಸುವುದೇ ಡಿಜಿಟಲ್ ಪ್ರಮಾಣಪತ್ರ.

ಟಿ.ಸಿ.ಯಂತೆಯೇ, ಆದರೆ ಟಿ.ಸಿ.ಗಿಂತ ಜಾಣ

ನೀವು ಒಂದು ಶಾಲೆಯಿಂದ ಇನ್ನೊಂದು ಶಾಲೆಗೆ ಹೋಗುವಾಗ ಟಿ.ಸಿ. ಕೊಡುತ್ತಾರೆ. ಅದರಲ್ಲಿ ನಿಮ್ಮ ಹೆಸರು, ದಿನಾಂಕ, ಮುಖ್ಯೋಪಾಧ್ಯಾಯರ ಸಹಿ, ಶಾಲೆಯ ಮೊಹರು ಇರುತ್ತವೆ. ಬೇರೆ ರಾಜ್ಯಕ್ಕೆ ಹೋಗುವುದಾದರೆ ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಬೇಕಾಗುತ್ತದೆ. ಏಕೆ? ಕನಕಪುರದ ಹಳ್ಳಿಯೊಂದರ ಮುಖ್ಯೋಪಾಧ್ಯಾಯರ ಸಹಿ ಹೇಗಿರುತ್ತದೆಂದು ದೂರದ ಊರಿನ ಶಾಲೆಗೆ ಹೇಗೆ ಗೊತ್ತಾಗಬೇಕು? ಆದ್ದರಿಂದ ಗೊತ್ತಿಲ್ಲದ ಸಹಿಯನ್ನು ಗೊತ್ತಿರುವ ಅಧಿಕಾರಿಯ ಸಹಿಯೊಂದು ಬೆಂಬಲಿಸುತ್ತದೆ.

ಡಿಜಿಟಲ್ ಪ್ರಮಾಣಪತ್ರದಲ್ಲಿಯೂ ಹೀಗೆಯೇ. ಜಾಲತಾಣದ ಹೆಸರು, ಅದರ ಬಹಿರಂಗ ಕೀಲಿ ಎಂಬ ಒಂದು ದೊಡ್ಡ ಸಂಖ್ಯೆ, ಯಾವ ದಿನದಿಂದ ಯಾವ ದಿನದವರೆಗೆ ಪತ್ರ ನಡೆಯುತ್ತದೆ ಎಂಬ ಅವಧಿ, ಪತ್ರ ಕೊಟ್ಟ ಸಂಸ್ಥೆಯ ಹೆಸರು ಮತ್ತು ಆ ಸಂಸ್ಥೆಯ ಸಹಿ ಅದರಲ್ಲಿರುತ್ತವೆ. ಆ ಸಂಸ್ಥೆಯನ್ನು ಇನ್ನೊಂದು ದೊಡ್ಡ ಸಂಸ್ಥೆ ಮೇಲುರುಜು ಮಾಡಿರುತ್ತದೆ. ಕೊನೆಗೆ ಸಿಗುವುದೇ ಮೂಲ ಸಂಸ್ಥೆ. ಇಂತಹ ಮೂಲ ಸಂಸ್ಥೆಗಳ ಒಂದು ಪಟ್ಟಿಯನ್ನು ನಿಮ್ಮ ಮೊಬೈಲಿನಲ್ಲಿಯೂ ಶಾಲೆಯ ಕಂಪ್ಯೂಟರಿನಲ್ಲಿಯೂ ತಯಾರಕರು ಮೊದಲೇ ಹಾಕಿಟ್ಟಿರುತ್ತಾರೆ. ನೀವು ಜಾಲತಾಣ ತೆರೆದಾಗಲೆಲ್ಲ ಬ್ರೌಸರು ಈ ಸಹಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ನೋಡಿ ಪಟ್ಟಿಗೆ ಹೋಲಿಸುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಟಿ.ಸಿ.ಯಲ್ಲಿ ಒಂದು ಕೊರತೆಯಿದೆ, ಗಮನಿಸಿದ್ದೀರಾ? ನಿಮ್ಮ ಟಿ.ಸಿ.ಯನ್ನು ಬೇರೆ ಹುಡುಗ ತೆಗೆದುಕೊಂಡು ಹೋಗಿ "ಇದು ನನ್ನದು" ಎಂದರೆ ಹೊಸ ಶಾಲೆಯವರು ನಂಬಿಬಿಡಬಹುದು. ಡಿಜಿಟಲ್ ಪ್ರಮಾಣಪತ್ರವನ್ನು ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು. ಅದು ಗುಟ್ಟೇ ಅಲ್ಲ. ಆದರೆ ಪತ್ರ ತೋರಿಸಿದ ಕೂಡಲೇ ಬ್ರೌಸರು ಹೊಸದೊಂದು ಲೆಕ್ಕ ಕೊಡುತ್ತದೆ. ಆ ಲೆಕ್ಕವನ್ನು ಪತ್ರದ ನಿಜವಾದ ಒಡೆಯ ಮಾತ್ರ ಮಾಡಬಲ್ಲ. ಏಕೆಂದರೆ ಅದಕ್ಕೆ ಬೇಕಾದ ಗುಟ್ಟಿನ ಕೀಲಿ ಅವನೊಬ್ಬನಲ್ಲಿಯೇ ಇದೆ. ಅದನ್ನು ಅವನು ಯಾರಿಗೂ ತೋರಿಸುವುದಿಲ್ಲ, ಬ್ರೌಸರಿಗೂ ತೋರಿಸುವುದಿಲ್ಲ.

ಗುಟ್ಟು ಹೇಳದೆಯೇ ಗುಟ್ಟು ಇದೆಯೆಂದು ತೋರಿಸುವುದು ಸಾಧ್ಯವೇ? ಸಾಧ್ಯ. ಪೆನ್ಸಿಲ್ ಹಿಡಿಯಿರಿ, ನಾವೇ ಮಾಡಿ ನೋಡೋಣ.

33ರ ಆಟ

ಒಂದು ಸಂಸ್ಥೆ 33 ಮತ್ತು 3 ಎಂಬ ಎರಡು ಸಂಖ್ಯೆಗಳನ್ನು ಎಲ್ಲರಿಗೂ ಸಾರಿ ಹೇಳುತ್ತದೆ. ಇದು ಬಹಿರಂಗ ಕೀಲಿ. 7 ಎಂಬ ಸಂಖ್ಯೆಯನ್ನು ಗುಟ್ಟಾಗಿ ಇಟ್ಟುಕೊಳ್ಳುತ್ತದೆ. ಸಹಿ ಮಾಡಬೇಕಾದ ಸಂದೇಶ 4 ಎಂದಿರಲಿ.

ಸಂಸ್ಥೆಯವರು 4ನ್ನು ಏಳು ಸಲ ಬರೆದು ಗುಣಿಸುತ್ತಾರೆ. ಗುಣಲಬ್ಧ 16384. ಇದನ್ನು 33ರಿಂದ ಭಾಗಿಸಿದರೆ ಭಾಗಲಬ್ಧ 496, ಶೇಷ 16. ಈ ಶೇಷವೇ ಸಹಿ. "ಸಂದೇಶ 4, ಸಹಿ 16" ಎಂದು ಪತ್ರದಲ್ಲಿ ಬರೆಯುತ್ತಾರೆ.

ಈಗ ಪರೀಕ್ಷಿಸುವವರು ನೀವು. ನಿಮಗೆ 7 ಗೊತ್ತಿಲ್ಲ, 3 ಗೊತ್ತು. ಸಹಿ 16ನ್ನು ಮೂರು ಸಲ ಬರೆದು ಗುಣಿಸಿ: 16 × 16 × 16 = 4096. 33ರಿಂದ ಭಾಗಿಸಿ. ಭಾಗಲಬ್ಧ 124, ಶೇಷ 4. ಸಂದೇಶವೇ ತಿರುಗಿ ಬಂತು! ಸಹಿ ಸರಿಯಾಗಿದೆ. ಯಾರಾದರೂ ಸಂದೇಶವನ್ನು 5 ಎಂದು ತಿದ್ದಿದ್ದರೆ? 16ರಿಂದ ಬರುವುದು 4 ಮಾತ್ರ, 5 ಅಲ್ಲ. ತಿದ್ದುಪಡಿ ಅಲ್ಲಿಯೇ ಸಿಕ್ಕಿಬೀಳುತ್ತದೆ. ಸಂದೇಶ 2 ಆದರೆ ಸಹಿ ಎಷ್ಟು ಬರುತ್ತದೆ, ನೀವೇ ಕಂಡುಹಿಡಿಯಿರಿ. ಅದು 30ಕ್ಕಿಂತ ಒಂದು ಕಡಿಮೆ ಎಂದು ಮಾತ್ರ ಹೇಳುತ್ತೇನೆ.

ಈ 7 ಎಲ್ಲಿಂದ ಬಂತು? 33 ಎಂದರೆ 3 × 11. ಎರಡೂ ಅವಿಭಾಜ್ಯ ಸಂಖ್ಯೆಗಳು. ಎರಡರಲ್ಲಿಯೂ ಒಂದೊಂದು ಕಳೆದರೆ 2 ಮತ್ತು 10, ಗುಣಿಸಿದರೆ 20. ಬಹಿರಂಗವಾದ 3ನ್ನು 7ರಿಂದ ಗುಣಿಸಿದರೆ 21, ಅಂದರೆ 20ಕ್ಕಿಂತ ಒಂದು ಹೆಚ್ಚು. ಆ ಒಂದು ಹೆಚ್ಚಾಗುವ ಸಂಖ್ಯೆಯೇ ಗುಟ್ಟಿನ ಕೀಲಿ. ಹಾಗಾದರೆ 33ನ್ನು 3 ಮತ್ತು 11 ಎಂದು ಬಿಡಿಸಬಲ್ಲ ಯಾರಾದರೂ 7ನ್ನು ಕಂಡುಹಿಡಿದು ಕಳ್ಳಸಹಿ ಹಾಕಬಹುದಲ್ಲವೆ? ನಿಜ, 33 ಆದರೆ ಹಾಕಬಹುದು. ನಿಜವಾದ ಪ್ರಮಾಣಪತ್ರಗಳಲ್ಲಿ ಇಂತಹ ಸಂಖ್ಯೆಗೆ ಸಾಮಾನ್ಯವಾಗಿ 617 ಅಂಕಿಗಳಿರುತ್ತವೆ. ನಿಮ್ಮ ನೋಟ್ ಪುಸ್ತಕದ ಒಂದು ಪುಟವೇ ತುಂಬಬಹುದು. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಕಂಪ್ಯೂಟರಿಗೆ ಸುಲಭ. ಆದರೆ ಗುಣಲಬ್ಧವನ್ನು ಮಾತ್ರ ಕೊಟ್ಟು, ಅಪವರ್ತನಗಳು ಯಾವುವು ಎಂದು ಕೇಳಿದರೆ ಇಂದಿನ ಅತಿ ವೇಗದ ಕಂಪ್ಯೂಟರೂ ಕೈಚೆಲ್ಲುತ್ತದೆ. 1977ರಲ್ಲಿ ಅಮೆರಿಕದಲ್ಲಿ ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ ಎಂಬ ಮೂವರು ಕಂಡುಹಿಡಿದ ವಿಧಾನವಿದು. ಈಗ ಬೇರೆ ವಿಧಾನಗಳೂ ಬಳಕೆಯಲ್ಲಿವೆ. ನಮಗೆ ಅರ್ಥವಾಗಲು ಇದು ಸಾಕು.

ಪ್ರಮಾಣಪತ್ರದಲ್ಲಿ ಅಕ್ಷರಗಳಿರುತ್ತವೆ, ಸಂಖ್ಯೆಯಲ್ಲ, ಅದಕ್ಕೆ ಸಹಿ ಹೇಗೆ ಎಂದು ಕೇಳುವಿರಾ? ಪತ್ರದ ಎಲ್ಲ ಅಕ್ಷರಗಳನ್ನೂ ಅರೆದು ಸೋಸಿದಂತೆ ಕಂಪ್ಯೂಟರು ಒಂದು ಸಂಖ್ಯೆಯನ್ನು ಮಾಡುತ್ತದೆ. ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಪೂರ್ತಿ ಬದಲಾಗುತ್ತದೆ. ಅದನ್ನು ಪತ್ರದ ಬೆರಳಚ್ಚು ಎನ್ನೋಣ. ಸಹಿ ಬೀಳುವುದು ಈ ಬೆರಳಚ್ಚಿನ ಮೇಲೆ. ಬೆರಳಚ್ಚಿನ ಮಾತು ಮುಂದೆ ಮತ್ತೆ ಬರುತ್ತದೆ, ನೆನಪಿನಲ್ಲಿಡಿ.

ಸಹಿ ಹಾಕುವವರೇ ತಪ್ಪಿದರೆ?

ಲೆಕ್ಕ ಎಷ್ಟೇ ಭದ್ರವಾಗಿದ್ದರೂ ಸಹಿ ಹಾಕುವ ಸಂಸ್ಥೆಯಿಂದ ತಪ್ಪಾದ ಪತ್ರ ಹೊರಟರೆ ಕಷ್ಟ. ಇದು ನಮ್ಮ ದೇಶದಲ್ಲಿಯೇ ಒಮ್ಮೆ ನಡೆದಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಂತೆ, ಪ್ರಮಾಣಪತ್ರ ಕೊಡುವ ಸಂಸ್ಥೆಗಳ ಮೇಲೆ ಕೇಂದ್ರ ಸರ್ಕಾರದ ಒಬ್ಬ ನಿಯಂತ್ರಕರಿದ್ದಾರೆ. ಭಾರತದ ಮೂಲ ಸಹಿ ಅವರದು. ಅವರ ಕೆಳಗೆ ಪತ್ರ ಕೊಡುತ್ತಿದ್ದ ಸಂಸ್ಥೆಗಳಲ್ಲಿ ರಾಷ್ಟ್ರೀಯ ಮಾಹಿತಿ ಕೇಂದ್ರವೂ ಒಂದು. 2014ರ ಜುಲೈ 2ರಂದು, ಗೂಗಲ್ ಜಾಲತಾಣಗಳ ಹೆಸರಿನಲ್ಲಿ ಗೂಗಲ್‌ಗೆ ಗೊತ್ತಿಲ್ಲದ ಪ್ರಮಾಣಪತ್ರಗಳು ಆ ಕೇಂದ್ರದ ಸಹಿಯೊಡನೆ ಹೊರಬಂದಿರುವುದು ಪತ್ತೆಯಾಯಿತು. ಮರುದಿನವೇ ನಿಯಂತ್ರಕರು ಆ ಸಹಿಯ ಅಧಿಕಾರವನ್ನು ರದ್ದುಪಡಿಸಿದರು. ಭಾರತದ ಮೂಲ ಸಹಿ ವಿಂಡೋಸ್ ಕಂಪ್ಯೂಟರುಗಳ ಪಟ್ಟಿಯಲ್ಲಿತ್ತು. ಫೈರ್‌ಫಾಕ್ಸ್ ಬ್ರೌಸರಿನ ಪಟ್ಟಿಯಲ್ಲಿರಲಿಲ್ಲ. ಆದ್ದರಿಂದ ಆ ಪತ್ರಗಳನ್ನು ಒಂದು ಕಂಪ್ಯೂಟರಿನಲ್ಲಿಯೇ ಒಂದು ಬ್ರೌಸರು ನಂಬುತ್ತಿತ್ತು, ಇನ್ನೊಂದು ನಂಬುತ್ತಿರಲಿಲ್ಲ. ಈಗ ಕೊಟ್ಟ ಪ್ರತಿಯೊಂದು ಪತ್ರವನ್ನೂ ಎಲ್ಲರೂ ನೋಡಬಹುದಾದ ಬಹಿರಂಗ ದಾಖಲೆಯಲ್ಲಿ ಬರೆಯುವ ಪದ್ಧತಿ ಬಂದಿದೆ. ಗ್ರಾಮ ಪಂಚಾಯತಿಯ ಫಲಕದಲ್ಲಿ ಫಲಾನುಭವಿಗಳ ಪಟ್ಟಿ ಹಾಕುವಂತೆ!

ಇನ್ನೊಂದು ಮಾತನ್ನು ಮನೆಯಲ್ಲಿ ದೊಡ್ಡವರಿಗೂ ಹೇಳಿ. ಪ್ರಮಾಣಪತ್ರ ಹೇಳುವುದು ಹೆಸರನ್ನು ಮಾತ್ರ, ಗುಣವನ್ನಲ್ಲ. ಬ್ಯಾಂಕಿನ ಹೆಸರಿನಲ್ಲಿ ಒಂದು ಅಕ್ಷರ ಬದಲಿಸಿ, 'ಓ' ಇರುವ ಕಡೆ ಸೊನ್ನೆ ಹಾಕಿ, ಮೋಸಗಾರನೊಬ್ಬ ತನ್ನದೇ ಜಾಲತಾಣ ತೆರೆದರೆ ಆ ತಪ್ಪು ಹೆಸರಿಗೆ ಸರಿಯಾದ ಪ್ರಮಾಣಪತ್ರವೇ ಸಿಗುತ್ತದೆ. ಬೀಗದ ಚಿತ್ರವೂ ಕಾಣುತ್ತದೆ. "ಬೀಗವಿದೆ, ಹೆದರಬೇಡ" ಎಂದು ಹೇಳುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಬೀಗಕ್ಕಿಂತ ಮೊದಲು ಹೆಸರನ್ನು ಅಕ್ಷರ ಅಕ್ಷರವಾಗಿ ಓದಬೇಕು. ನಮ್ಮ ಬ್ಯಾಂಕುಗಳ ಜಾಲತಾಣದ ಹೆಸರು 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದೇ ಮುಗಿಯಬೇಕೆಂದು ರಿಸರ್ವ್ ಬ್ಯಾಂಕು 2025ರಲ್ಲಿ ಸೂಚಿಸಿ, ಆ ವರ್ಷದ ಅಕ್ಟೋಬರ್ 31ರ ಗಡುವು ಕೊಟ್ಟಿತು. ಹೆಸರಿನ ಬಾಲ ನೋಡಿ ಗುರುತಿಸಲು ಇದು ಒಳ್ಳೆಯ ಉಪಾಯ.

ಗೋಡೆಯ ಮೇಲಿನ ಪೆಟ್ಟಿಗೆ

ಈಗ ನಮ್ಮ ಮನೆಯೊಳಗೆ ಬರೋಣ. ಚನ್ನಪಟ್ಟಣದಲ್ಲಿರಲಿ, ಕನಕಪುರದ ಹಳ್ಳಿಯಲ್ಲಿರಲಿ, ಇಂದು ಅನೇಕ ಮನೆಗಳ ಗೋಡೆಯ ಮೇಲೆ ಹಸಿರು ದೀಪ ಮಿನುಗುವ ಒಂದು ಪೆಟ್ಟಿಗೆ ಇದೆ. ಕೆಲವರು ಇದನ್ನು ಮೋಡೆಮ್ ಎನ್ನುತ್ತಾರೆ, ಕೆಲವರು ರೂಟರ್, ಹೆಚ್ಚಿನವರು ವೈ-ಫೈ ಬಾಕ್ಸ್. ಇದೂ ಒಂದು ಪುಟ್ಟ ಕಂಪ್ಯೂಟರೇ. ಇದರ ಗುಪ್ತಪದ ಬದಲಿಸಲು, ಇತರ ವ್ಯವಸ್ಥೆ ಮಾಡಲು ಇದರೊಳಗೆ ಒಂದು ಪುಟವಿರುತ್ತದೆ. ಬ್ರೌಸರಿನಲ್ಲಿ 192.168.1.1 ಎಂದು ಬರೆದರೆ ಬಹಳಷ್ಟು ಪೆಟ್ಟಿಗೆಗಳಲ್ಲಿ ಆ ಪುಟ ತೆರೆಯುತ್ತದೆ. ಕೆಲವದರಲ್ಲಿ ವಿಳಾಸ ಬೇರೆ ಇರುತ್ತದೆ. ಪೆಟ್ಟಿಗೆಯ ಹಿಂದಿನ ಚೀಟಿಯಲ್ಲಿ ಬರೆದಿರುತ್ತಾರೆ.

ಕೆಲವು ಪೆಟ್ಟಿಗೆಗಳಲ್ಲಿ ಈ ಪುಟಕ್ಕೆ ಟವೆಲ್ಲೇ ಇಲ್ಲ. ಟವೆಲ್ ಇರುವ ಪೆಟ್ಟಿಗೆಗಳಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಪುಟ ತೆರೆಯುವ ಮೊದಲೇ ಬ್ರೌಸರು ಕೆಂಪು ಗುರುತು ತೋರಿಸಿ "ಈ ಸಂಪರ್ಕ ಸುರಕ್ಷಿತವಲ್ಲ" ಎಂದು ತಡೆಯುತ್ತದೆ. ನಮ್ಮದೇ ಮನೆ, ನಮ್ಮದೇ ಪೆಟ್ಟಿಗೆ. ಮತ್ತೇಕೆ ಈ ಎಚ್ಚರಿಕೆ?

ಕಾರಣ ಆ ವಿಳಾಸದಲ್ಲಿದೆ. 192.168 ಎಂದು ಆರಂಭವಾಗುವ ವಿಳಾಸಗಳನ್ನು ಮನೆ ಕಚೇರಿಗಳ ಒಳಗಿನ ಬಳಕೆಗೆಂದೇ ಬಿಟ್ಟಿದ್ದಾರೆ. 1996ರ ನಿಯಮ ಇದು. ಮಾಗಡಿಯ ಒಂದು ಮನೆಯಲ್ಲಿ 192.168.1.1 ಇದೆ, ಕನಕಪುರದ ಮನೆಯಲ್ಲಿಯೂ ಇದೆ, ಜಪಾನಿನ ಮನೆಯಲ್ಲಿಯೂ ಇದೆ. "ಗುಡಿಯ ಎಡಗಡೆ ಮೊದಲನೆಯ ಮನೆ" ಎಂದಷ್ಟೇ ಬರೆದು, ಊರಿನ ಹೆಸರು ಬರೆಯದೆ ಕಾಗದ ಹಾಕಿದರೆ ಅಂಚೆಯಣ್ಣ ಏನು ಮಾಡಬೇಕು? ಗುಡಿ ಪ್ರತಿಯೊಂದು ಊರಿನಲ್ಲಿಯೂ ಇದೆ. ಹಾಗೆಯೇ, "192.168.1.1 ಎಂಬುದು ಇಂಥವರ ಪೆಟ್ಟಿಗೆ" ಎಂದು ಯಾವ ಸಂಸ್ಥೆಯೂ ಸಹಿ ಹಾಕಲಾರದು. ಒಮ್ಮೆ ಹಾಗೆ ಕೊಟ್ಟಿದ್ದ ಪತ್ರಗಳೂ ಇದ್ದವು. 2016ರ ಅಕ್ಟೋಬರ್ 1ರೊಳಗೆ ಅವನ್ನೆಲ್ಲ ರದ್ದುಮಾಡಬೇಕೆಂದು ಪ್ರಮಾಣಪತ್ರ ಸಂಸ್ಥೆಗಳೂ ಬ್ರೌಸರ್ ತಯಾರಕರೂ ಸೇರಿ ನಿಯಮ ಮಾಡಿದರು.

ಆದ್ದರಿಂದ ಪೆಟ್ಟಿಗೆ ತನ್ನ ಪ್ರಮಾಣಪತ್ರಕ್ಕೆ ತಾನೇ ಸಹಿ ಹಾಕಿಕೊಳ್ಳುತ್ತದೆ. ಹುಡುಗನೊಬ್ಬ ತನ್ನ ಟಿ.ಸಿ.ಗೆ ತಾನೇ ಮುಖ್ಯೋಪಾಧ್ಯಾಯನಾಗಿ ಸಹಿ ಮಾಡಿದಂತೆ. ಬ್ರೌಸರು "ಈ ಸಹಿ ನನ್ನ ಪಟ್ಟಿಯಲ್ಲಿಲ್ಲ" ಎಂದು ತಡೆಯುವುದು ಸರಿಯೇ. ಪೆಟ್ಟಿಗೆಯೂ ಸುಳ್ಳು ಹೇಳುತ್ತಿಲ್ಲ, ಬ್ರೌಸರೂ ತಪ್ಪಿಲ್ಲ.

ನನಗೆ ಆತಂಕವಿರುವುದು ಬೇರೆ ವಿಷಯದಲ್ಲಿ. ಈ ಎಚ್ಚರಿಕೆಯನ್ನು ದಾಟಿ ಹೋಗಲು ಒಂದು ಗುಂಡಿ ಇರುತ್ತದೆ. ಮನೆಯ ಪೆಟ್ಟಿಗೆಗಾಗಿ ಅದನ್ನು ಹತ್ತು ಸಲ ಒತ್ತಿದ ಕೈ, ಬಸ್ ನಿಲ್ದಾಣದ ಉಚಿತ ವೈ-ಫೈಯಲ್ಲಿ ಬ್ಯಾಂಕಿನ ಪುಟಕ್ಕೆ ಅದೇ ಕೆಂಪು ಎಚ್ಚರಿಕೆ ಬಂದಾಗಲೂ ಯೋಚಿಸದೆ ಒತ್ತಿಬಿಡುತ್ತದೆ. ಎರಡೂ ಎಚ್ಚರಿಕೆಗಳು ನೋಡಲು ಒಂದೇ. ಆದರೆ ಬ್ಯಾಂಕಿಗೆ ಊರಿನ ಹೆಸರಿನ ಸಮೇತ ಪೂರ್ತಿ ವಿಳಾಸವಿದೆ, ದೊಡ್ಡವರ ಸಹಿಯಿದೆ. ಅಲ್ಲಿ ಈ ಎಚ್ಚರಿಕೆ ಬರಲೇಬಾರದು. ಬಂದರೆ, ಟವೆಲ್ಲಿನ ಕೆಳಗೆ ಬೇರೆ ಯಾರದೋ ಕೈ ಇರಬಹುದು. ಅಲ್ಲಿಂದ ಹಿಂದಕ್ಕೆ ಬನ್ನಿ. ಪರೀಕ್ಷೆಯ ಫಲಿತಾಂಶದ ಪುಟವಾಗಲಿ, ವಿದ್ಯಾರ್ಥಿವೇತನದ ಪುಟವಾಗಲಿ ಹೀಗೆಯೇ.

ಮನೆಯ ಪೆಟ್ಟಿಗೆಯನ್ನು ಗುರುತಿಸುವ ದಾರಿಯೂ ಇದೆ. ಅದೇ ಬೆರಳಚ್ಚು. ಪೆಟ್ಟಿಗೆಗೂ ಕಂಪ್ಯೂಟರಿಗೂ ನಡುವೆ ಒಂದು ತಂತಿಯನ್ನು ನೇರವಾಗಿ ಜೋಡಿಸಿ. ಆಗ ನಡುವೆ ಮೂರನೆಯ ಕೈಗೆ ಜಾಗವಿಲ್ಲ. ಅಪ್ಪ, ಅಮ್ಮ ಅಥವಾ ಅಣ್ಣ ಅಕ್ಕ ಜೊತೆಗಿರಲಿ. ವಿಳಾಸದ ಪಕ್ಕದ ಗುರುತನ್ನು ಒತ್ತಿದರೆ ಪ್ರಮಾಣಪತ್ರದ ವಿವರ ಸಿಗುತ್ತದೆ. ಅದರಲ್ಲಿ 'ಫಿಂಗರ್‌ಪ್ರಿಂಟ್' ಎಂಬ ಕಡೆ 64 ಅಂಕಿ ಅಕ್ಷರಗಳ ಒಂದು ಉದ್ದ ಸಾಲು ಕಾಣುತ್ತದೆ. ಅದನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ದಿನಾಂಕದೊಡನೆ ಬರೆದಿಡಿ. ಇನ್ನೊಮ್ಮೆ ಎಚ್ಚರಿಕೆ ಬಂದಾಗ ಒಬ್ಬರು ಓದಲಿ, ಇನ್ನೊಬ್ಬರು ಪುಸ್ತಕದಲ್ಲಿ ಗುರುತು ಹಾಕುತ್ತಾ ಹೋಗಲಿ. ಅದೇ ಸಾಲು ಬಂದರೆ ಅದು ನಿಮ್ಮ ಪೆಟ್ಟಿಗೆಯೇ. ಬೇರೆ ಬಂದರೆ, ಯಾರಾದರೂ ಪೆಟ್ಟಿಗೆಯನ್ನು ರೀಸೆಟ್ ಮಾಡಿದ್ದಾರೆಯೇ, ಹೊಸ ತಂತ್ರಾಂಶ ಹಾಕಿದ್ದಾರೆಯೇ ಎಂದು ಕೇಳಿ. ಹಾಗೆ ಮಾಡಿದ್ದರೆ ಹೊಸ ಪತ್ರ ಹುಟ್ಟಿರುವುದು ಸಹಜ. ಯಾರೂ ಏನೂ ಮಾಡಿಲ್ಲವೆಂದರೆ ಗುಪ್ತಪದ ಬರೆಯದೆ ನಿಲ್ಲಿಸಿ, ಸಂಪರ್ಕ ಕೊಟ್ಟವರಿಗೆ ಫೋನ್ ಮಾಡಿಸಿ.

ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಮೊದಲು ರೀಸೆಟ್ ಗುಂಡಿಯನ್ನು ಒತ್ತಿ ಹಿಡಿಯಲು ದೊಡ್ಡವರಿಗೆ ಹೇಳಿ. ನಿಮ್ಮ ಗುಪ್ತಪದಗಳು ಅದರೊಳಗೇ ಇರುತ್ತವೆ.

ಗಡಿಯಾರ ಕೆಟ್ಟರೆ ಬ್ಯಾಂಕೂ ಸುಳ್ಳು!

ಪ್ರಮಾಣಪತ್ರಕ್ಕೆ ಅವಧಿಯಿದೆ ಎಂದೆನಲ್ಲವೆ? ಜಾಲತಾಣಗಳ ಪತ್ರದ ಅವಧಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. 2025ರ ಏಪ್ರಿಲ್‌ನಲ್ಲಿ ಆದ ತೀರ್ಮಾನದಂತೆ 2026ರ ಮಾರ್ಚ್ 15ರಿಂದ ಕೊಡುವ ಪತ್ರಗಳಿಗೆ ಹೆಚ್ಚೆಂದರೆ 200 ದಿನ, 2029ರ ಮಾರ್ಚ್ 15ರಿಂದ ಹೆಚ್ಚೆಂದರೆ 47 ದಿನ. ಗುಟ್ಟಿನ ಕೀಲಿ ಕಳ್ಳತನವಾದರೂ ಅದು ಬಹಳ ದಿನ ಉಪಯೋಗಕ್ಕೆ ಬರಬಾರದೆಂಬುದು ಒಂದು ಕಾರಣ.

ಅವಧಿ ಮುಗಿದಿದೆಯೇ ಎಂದು ಬ್ರೌಸರು ನೋಡುವುದು ಕಂಪ್ಯೂಟರಿನ ಗಡಿಯಾರದಲ್ಲಿ. ಶಾಲೆಗಳಿಗೆ ಭೇಟಿ ಕೊಟ್ಟಾಗ ಅನೇಕ ಕಡೆ ಕೇಳುವ ದೂರು ಇದು: "ಸಾರ್, ಯಾವ ಜಾಲತಾಣ ತೆರೆದರೂ ಕೆಂಪು ಎಚ್ಚರಿಕೆ ಬರುತ್ತದೆ, ಇಂಟರ್ನೆಟ್ಟೇ ಕೆಟ್ಟಿದೆ." ಪರದೆಯ ಮೂಲೆಯಲ್ಲಿ ನೋಡಿದರೆ ದಿನಾಂಕ ಹತ್ತು ಹದಿನೈದು ವರ್ಷ ಹಿಂದಿನದು! ಕಂಪ್ಯೂಟರಿನ ಒಳಗೆ ನಾಣ್ಯದಂತಹ 3 ವೋಲ್ಟಿನ ಒಂದು ಪುಟ್ಟ ಸೆಲ್ ಇರುತ್ತದೆ. ವಿದ್ಯುತ್ ಇಲ್ಲದಾಗ ಗಡಿಯಾರ ನಡೆಸುವುದು ಅದೇ. ಅದು ಸತ್ತರೆ ಕಂಪ್ಯೂಟರು ತಾನು ತಯಾರಾದ ಕಾಲಕ್ಕೆ ಹಿಂದಿರುಗುತ್ತದೆ. ನಿನ್ನೆ ಕೊಟ್ಟ ಪ್ರಮಾಣಪತ್ರವೂ ಅದಕ್ಕೆ "ಇನ್ನೂ ಆರಂಭವಾಗದ" ಪತ್ರವಾಗಿ ಕಾಣುತ್ತದೆ. ಹೊಸ ಸೆಲ್ ಹಾಕಿಸಿ, ದಿನಾಂಕ ಸರಿಪಡಿಸಿದರೆ ಆಯಿತು. ನಿಮ್ಮ ಶಾಲೆಯ ಕಂಪ್ಯೂಟರಿನಲ್ಲಿ ದಿನಾಂಕ ಸರಿಯಿದೆಯೇ? ಇಂದೇ ನೋಡಿ.

ಮನೆಯ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಈ ಸೆಲ್ಲೂ ಇರುವುದಿಲ್ಲ. ಕರೆಂಟು ಹೋಗಿ ಬಂದಾಗ ಅವಕ್ಕೆ ಇಂದು ಯಾವ ದಿನವೆಂದೇ ಗೊತ್ತಿರುವುದಿಲ್ಲ. ಅಂತರಜಾಲದ ಮೂಲಕ ಸಮಯ ಕೇಳಿ ತಿಳಿದುಕೊಳ್ಳುತ್ತವೆ.

ಮ.ಸಾ.ಅ. ಹಿಡಿದ ಕಳ್ಳ

ಇನ್ನೊಂದು ಸಂಗತಿ ಉಳಿದಿದೆ. ನನಗೆ ಇದೇ ಅತ್ಯಂತ ಸ್ವಾರಸ್ಯವಾಗಿ ಕಂಡದ್ದು.

ಅನೇಕ ಪೆಟ್ಟಿಗೆಗಳು ಮೊದಲ ಸಲ ಸ್ವಿಚ್ ಹಾಕಿದಾಗ ತಮ್ಮ ಕೀಲಿಯನ್ನು ತಾವೇ ತಯಾರಿಸಿಕೊಳ್ಳುತ್ತವೆ. ಅದಕ್ಕೆ ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಯಾರೂ ಊಹಿಸದ ಹಾಗೆ ಆರಿಸಬೇಕು. ನಾವಾದರೆ ಚೌಕಾಬಾರದ ಕವಡೆ ಎಸೆಯುತ್ತೇವೆ. ದೊಡ್ಡ ಕಂಪ್ಯೂಟರು ನೀವು ಕೀಲಿಮಣೆ ಒತ್ತುವ ವೇಗ, ಮೌಸ್ ಓಡಾಡಿಸುವ ರೀತಿ ಇವುಗಳಿಂದ ಕವಡೆ ಎಸೆದಂತಹ ಅಂಕಿಗಳನ್ನು ಪಡೆಯುತ್ತದೆ. ಗೋಡೆಯ ಪೆಟ್ಟಿಗೆಗೆ ಕೀಲಿಮಣೆಯಿಲ್ಲ, ಮೌಸಿಲ್ಲ, ಗಡಿಯಾರವೂ ಇಲ್ಲ. ಒಂದೇ ಕಾರ್ಖಾನೆಯಲ್ಲಿ ಹುಟ್ಟಿದ ಸಾವಿರ ಪೆಟ್ಟಿಗೆಗಳು ಕಣ್ಣು ಬಿಟ್ಟಾಗ ನೋಡುವುದು ಒಂದೇ ಪ್ರಪಂಚವನ್ನು. ಹಾಗಾಗಿ ಎರಡು ಪೆಟ್ಟಿಗೆಗಳು ಒಂದೇ ಅವಿಭಾಜ್ಯ ಸಂಖ್ಯೆಯನ್ನು ಆರಿಸಿಬಿಡಬಹುದು.

ಆರಿಸಿದರೆ ಏನಾಗುತ್ತದೆ? ಒಂದು ಪೆಟ್ಟಿಗೆಯ ಬಹಿರಂಗ ಸಂಖ್ಯೆ 3233, ಇನ್ನೊಂದರದು 4187 ಎಂದಿರಲಿ. ಒಂದೊಂದನ್ನೇ ಬಿಡಿಸುವುದು ಕಷ್ಟ. ಎರಡನ್ನೂ ಒಟ್ಟಿಗೆ ಇಟ್ಟು ಮ.ಸಾ.ಅ. ಕಂಡುಹಿಡಿಯಿರಿ. ಭಾಗಾಕಾರದ ವಿಧಾನ ನಿಮಗೆ ಗೊತ್ತಿದೆ. 4187ನ್ನು 3233ರಿಂದ ಭಾಗಿಸಿದರೆ ಶೇಷ 954. 3233ನ್ನು 954ರಿಂದ ಭಾಗಿಸಿದರೆ ಶೇಷ 371. 954ನ್ನು 371ರಿಂದ ಭಾಗಿಸಿದರೆ 212. ಮುಂದೆ 159, ಆಮೇಲೆ 53. 159ನ್ನು 53ರಿಂದ ಭಾಗಿಸಿದರೆ ಶೇಷ ಸೊನ್ನೆ. ಮ.ಸಾ.ಅ. 53! ಈಗ 3233 = 53 × 61, 4187 = 53 × 79. ಎರಡು ಬೀಗಗಳೂ ಒಮ್ಮೆಲೇ ತೆರೆದವು. ಅಪವರ್ತನ ಬಿಡಿಸಲು ಕಂಪ್ಯೂಟರಿಗೆ ಯುಗಗಳೇ ಬೇಕಾಗುವಂತಹ ದೊಡ್ಡ ಸಂಖ್ಯೆಗಳಿಗೂ ಮ.ಸಾ.ಅ. ಕ್ಷಣಾರ್ಧದಲ್ಲಿ ಸಿಗುತ್ತದೆ. ಈ ವಿಧಾನ ಗ್ರೀಕರ ಯೂಕ್ಲಿಡ್ ಬರೆದಿಟ್ಟದ್ದು. ನಮ್ಮ ಆರ್ಯಭಟ 499ರಲ್ಲಿ ಹೇಳಿದ ಕುಟ್ಟಕದಲ್ಲಿಯೂ ಹೀಗೆ ಭಾಗಿಸುತ್ತಾ ಹೋಗುವ ಕ್ರಮವೇ ಇದೆ.

2012ರಲ್ಲಿ ಅಮೆರಿಕದ ನಾಲ್ವರು ಸಂಶೋಧಕರು ಇದನ್ನೇ ಮಾಡಿದರು. ನೇಡಿಯ ಹೆನಿಂಗರ್ ಎಂಬುವರೂ ಮಿಷಿಗನ್ ವಿಶ್ವವಿದ್ಯಾಲಯದ ಮೂವರೂ ಸೇರಿ, ಜಗತ್ತಿನಾದ್ಯಂತ ಸುಮಾರು 128 ಲಕ್ಷ ಯಂತ್ರಗಳು ಎಲ್ಲರಿಗೂ ತೋರಿಸುತ್ತಿದ್ದ ಪ್ರಮಾಣಪತ್ರಗಳನ್ನು ಕಲೆಹಾಕಿದರು. ಅವುಗಳ ಸಂಖ್ಯೆಗಳಿಗೆ ಮ.ಸಾ.ಅ. ಹುಡುಕಿದರು. ನೂರಕ್ಕೆ ಅರ್ಧದಷ್ಟು, ಅಂದರೆ ಸುಮಾರು 64 ಸಾವಿರ ಯಂತ್ರಗಳ ಗುಟ್ಟಿನ ಕೀಲಿ ಹೊರಬಿತ್ತು. ಅವುಗಳಲ್ಲಿ ಬಹುಪಾಲು ಬ್ಯಾಂಕಿನ ಕಂಪ್ಯೂಟರುಗಳಲ್ಲ, ರೂಟರಿನಂತಹ ಪುಟ್ಟ ಪೆಟ್ಟಿಗೆಗಳೇ. 2015ರ ನವೆಂಬರ್‌ನಲ್ಲಿ ಆಸ್ಟ್ರಿಯದ ಸೆಕ್ ಕನ್ಸಲ್ಟ್ ಎಂಬ ಸಂಸ್ಥೆ ಇನ್ನೂ ಬೇಸರದ ಸಂಗತಿಯನ್ನು ತಿಳಿಸಿತು. ಕೆಲವು ತಯಾರಕರು ಒಂದೇ ಕೀಲಿಯನ್ನು ಸಾವಿರಾರು ಪೆಟ್ಟಿಗೆಗಳಿಗೆ ಕಾರ್ಖಾನೆಯಲ್ಲಿಯೇ ತುಂಬಿ ಕಳುಹಿಸಿದ್ದರು. ಊರಿನ ಎಲ್ಲ ಮನೆಗಳಿಗೂ ಒಂದೇ ಬೀಗದ ಕೈ!

ಸಂಶೋಧಕರು ಎಚ್ಚರಿಸಿದ ಮೇಲೆ ಹಲವು ತಯಾರಕರು ತಂತ್ರಾಂಶವನ್ನು ತಿದ್ದಿ ಕೊಟ್ಟರು. ಮನೆಯ ಪೆಟ್ಟಿಗೆಗೆ ಹೊಸ ತಂತ್ರಾಂಶ ಬಂದಾಗ ಹಾಕಿಸಿಕೊಳ್ಳಿ ಎಂದು ಹೇಳುವುದು ಇದಕ್ಕೇ. ಕೆಲವು ಪೆಟ್ಟಿಗೆಗಳ ಪುಟದಲ್ಲಿ ಪ್ರಮಾಣಪತ್ರವನ್ನು ಹೊಸದಾಗಿ ತಯಾರಿಸುವ ಗುಂಡಿಯೂ ಇರುತ್ತದೆ. ಅದನ್ನು ಒತ್ತಿಸಿದರೆ ಪುಸ್ತಕದಲ್ಲಿ ಬೆರಳಚ್ಚನ್ನೂ ಹೊಸದಾಗಿ ಬರೆದುಕೊಳ್ಳಬೇಕು.

ಈಗ ನಿಮಗೊಂದು ಕೆಲಸ. ಮೂರು ಪೆಟ್ಟಿಗೆಗಳ ಬಹಿರಂಗ ಸಂಖ್ಯೆಗಳು 2491, 3599 ಮತ್ತು 4307. ಇವುಗಳಲ್ಲಿ ಎರಡು ಪೆಟ್ಟಿಗೆಗಳು ಒಂದೇ ಅವಿಭಾಜ್ಯ ಸಂಖ್ಯೆಯನ್ನು ಆರಿಸಿವೆ. ಯಾವ ಎರಡು? ಮ.ಸಾ.ಅ. ಹುಡುಕಿ, ಎರಡೂ ಬೀಗಗಳನ್ನು ಬಿಡಿಸಿ. ಮೂರನೆಯ ಪೆಟ್ಟಿಗೆಯ ಸಂಖ್ಯೆಯನ್ನು ಮ.ಸಾ.ಅ. ಸಹಾಯವಿಲ್ಲದೆ ಬಿಡಿಸಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನೂ ಬರೆದುಕೊಂಡು ನಿಮ್ಮ ಗಣಿತ ಶಿಕ್ಷಕರಿಗೆ ತೋರಿಸಿ.